ಬ್ಯಾಂಕಾಕ್‌ನಿಂದ ಪೆನಾಂಗ್‌ಗೆ ನೆಲದ ದಾರಿ: ಬೆನ್ನುಚೀಲ ಹೊತ್ತು ಗಡಿ ದಾಟುವುದು ಹೇಗೆ?

ಕಲ್ಯಾಣ ಕರ್ನಾಟಕದವರಿಗೆ ಗಡಿ ದಾಟುವುದು ದಿನದ ಮಾತು. ಕಲಬುರಗಿಯಿಂದ ಸೊಲ್ಲಾಪುರದ ಕಡೆಗೆ ಹೊರಟ ರೈಲು ದುಧನಿ ಮುಟ್ಟುವಷ್ಟರಲ್ಲಿ ಮಹಾರಾಷ್ಟ್ರ ಬಂದಿರುತ್ತದೆ. ಸೇಡಂ ದಾಟಿ ತುಸು ಮುಂದೆ ಹೋದರೆ ತಾಂಡೂರು. ಬೀದರಿನಿಂದ ಹೊರಟ ಬಸ್ಸು ತಾಸಿನೊಳಗೆ ಜಹೀರಾಬಾದಿನಲ್ಲಿ ನಿಲ್ಲುತ್ತದೆ. ಇವೆಲ್ಲ ಈಗ ನಿದ್ದೆಗಣ್ಣಿನಲ್ಲಿ ದಾಟುವ ಗೆರೆಗಳು. 1948ಕ್ಕೆ ಮುಂಚೆ ಇದೇ ನೆಲ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಸಂಸ್ಥಾನಕ್ಕೆ ಅದರದೇ ಹಾಲಿ ಸಿಕ್ಕಾ ನಾಣ್ಯವಿತ್ತು, ಗಡಿಯಲ್ಲಿ ಸುಂಕ ವಸೂಲಿಗೆ ಕರೋಡಗಿರಿ ನಾಕಾಗಳಿದ್ದವು. ಚೀಲ ಬಿಚ್ಚಿ ತೋರಿಸು, ಚೀಟಿ ತೋರಿಸು, ನಾಣ್ಯ ಬದಲಿಸು ಎನ್ನುವ ಆ ಕಾಲದ ಗಡಿ ಈಗ ನೋಡಬೇಕೆಂದರೆ ಪರದೇಶಕ್ಕೆ ಹೋಗಬೇಕು. ಅದೂ ವಿಮಾನದಲ್ಲಲ್ಲ, ನೆಲದ ಮೇಲೆ.

ಹಾಗೆ ಹೋಗಲು ಮೊದಲ ಸಲದವರಿಗೆ ನಾನು ಸೂಚಿಸುವುದು ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕ್‌ನಿಂದ ದಕ್ಷಿಣದ ಕಡಲತೀರ ಹಿಡಿದು ಮಲೇಷ್ಯಾದ ಪೆನಾಂಗ್ ದ್ವೀಪ ಸೇರುವ ದಾರಿಯನ್ನು. ಉದ್ದಕ್ಕೂ ರೈಲಿದೆ, ದೂರ ಸಾವಿರದ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಹನ್ನೆರಡರಿಂದ ಹದಿನಾಲ್ಕು ದಿನವಿದ್ದರೆ ಅವಸರವಿಲ್ಲದೆ ಮುಗಿಯುತ್ತದೆ. ನಾನು ಹೊರಟಾಗ ಓಣಿಯ ಹಿರಿಯರೊಬ್ಬರು, “ಏನೋ ತಮ್ಮಾ, ನಡಕೋತ ಪರದೇಶಕ್ಕ ಹೊಂಟೀಯೇನು?” ಎಂದು ನಕ್ಕಿದ್ದರು. ಪೂರ್ತಿ ನಡೆಯಬೇಕಾಗಿಲ್ಲ, ಆದರೆ ಕೊನೆಯ ಐವತ್ತು ಹೆಜ್ಜೆಯನ್ನು ಮಾತ್ರ ನಡೆದೇ ದಾಟಬೇಕು.

ಗಡಿಯ ದಿನದಿಂದ ಹಿಂದಕ್ಕೆ ಎಣಿಸಿ

ಹೆಚ್ಚಿನವರು ಬ್ಯಾಂಕಾಕ್‌ನ ಮೊದಲ ದಿನದಿಂದ ಯೋಜನೆ ಆರಂಭಿಸುತ್ತಾರೆ. ದ್ವೀಪಗಳಲ್ಲಿ ದಿನ ಕಳೆದುಹೋಗಿ ಗಡಿಯ ಹೊತ್ತಿಗೆ ಓಡಾಟವಾಗುತ್ತದೆ. ಇದನ್ನು ತಿರುಗಿಸಿ ಮಾಡಬೇಕು. ಗಡಿ ದಾಟುವ ದಿನವನ್ನು ಮೊದಲು ಗೊತ್ತುಮಾಡಿ, ಅದರ ಹಿಂದಿನ ರಾತ್ರಿ ಗಡಿಗೆ ಹತ್ತಿರದ ದೊಡ್ಡ ಊರಾದ ಹಾಟ್ ಯಾಯ್‌ನಲ್ಲಿ ತಂಗುವಂತೆ ನೋಡಿಕೊಂಡು, ಉಳಿದ ದಿನಗಳನ್ನು ಉತ್ತರಕ್ಕೆ ಹಂಚುತ್ತ ಬನ್ನಿ. ಹಾಟ್ ಯಾಯ್‌ನಿಂದ ಗಡಿಗೆ ಹೋಗುವ ರೈಲುಗಳು ದಿನಕ್ಕೆ ಬೆರಳೆಣಿಕೆಯಷ್ಟು; ಮಲೇಷ್ಯಾದ ಆಗಮನ ಚೀಟಿಯನ್ನು ಗಡಿ ದಾಟುವ ಮುಂಚಿನ ಮೂರು ದಿನದ ಒಳಗೇ ತುಂಬಬೇಕು; ಮರಳುವ ವಿಮಾನದ ಟಿಕೆಟ್ ಮಲೇಷ್ಯಾದಿಂದಲೇ ಇರಬೇಕು. ಎಲ್ಲದರ ಗಂಟೂ ಆ ಒಂದು ದಿನಕ್ಕೆ ಬಿದ್ದಿರುತ್ತದೆ.

ಋತುವನ್ನೂ ಹೀಗೆಯೇ ನೋಡಬೇಕು. ಈ ಪರ್ಯಾಯ ದ್ವೀಪಕ್ಕೆ ಎರಡು ಕಡಲು, ಎರಡು ಮಳೆಗಾಲ. ಪಶ್ಚಿಮದ ಅಂಡಮಾನ್ ಕಡಲಿನ ಬದಿಯಲ್ಲಿ, ಅಂದರೆ ಕ್ರಾಬಿ, ಲಾಂಟಾ, ಫುಕೆಟ್ ಕಡೆ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ. ಪೂರ್ವದ ಥಾಯ್ಲೆಂಡ್ ಕೊಲ್ಲಿಯ ಬದಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು. ಹಾಟ್ ಯಾಯ್ ಈ ಎರಡನೆಯ ಮಳೆಗೆ ಸಿಗುವ ಊರು. 2025ರ ನವೆಂಬರ್‌ನಲ್ಲಿ ಅದು ಭೀಕರ ಪ್ರವಾಹಕ್ಕೆ ಸಿಕ್ಕಿತ್ತು. ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ಎರಡೂ ಬದಿಗೆ ಒಳ್ಳೆಯದು. ಕಲಬುರಗಿಯ ಬಿಸಿಲು ಉಂಡವರಿಗೆ ಅಲ್ಲಿನ ಉಷ್ಣಾಂಶ ಹೆಚ್ಚೆನಿಸದು, ಆದರೆ ಗಾಳಿಯಲ್ಲಿನ ತೇವ ನಮ್ಮ ಒಣ ಸೆಕೆಗಿಂತ ಬೇಗ ದಣಿಸುತ್ತದೆ.

ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕಲಬುರಗಿಯಲ್ಲೇ ಸೇವಾ ಕೇಂದ್ರವಿದೆ. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಬೇಕಾದರೆ ಇನ್ನೂ 2,000. ಈಗಾಗಲೇ ಇರುವವರು ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿದೆಯೇ, ಖಾಲಿ ಪುಟಗಳಿವೆಯೇ ಎಂದು ನೋಡಿಕೊಳ್ಳಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂಬ ಗುರುತು ಇರುತ್ತದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರಕಾರದ ಅನುಮತಿ ಬೇಕು. ಥಾಯ್ಲೆಂಡ್, ಮಲೇಷ್ಯಾ ಎರಡೂ ಆ ಪಟ್ಟಿಯ ದೇಶಗಳೇ. ಆದರೆ ಆ ನಿರ್ಬಂಧ ಕೆಲಸಕ್ಕೆ ಹೋಗುವವರಿಗೆ. ಪ್ರವಾಸಕ್ಕೆ ಹೋಗುವವರು ಮರಳುವ ಟಿಕೆಟ್, ವಸತಿಯ ಕಾಗದ ಜೊತೆಗಿಟ್ಟುಕೊಂಡರೆ ಸಾಕು.

ವೀಸಾ ವಿಚಾರ ಈಚಿನ ವರ್ಷಗಳಲ್ಲಿ ಸಲೀಸಾಗಿತ್ತು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾರಹಿತ ಪ್ರವೇಶ ಕೊಟ್ಟಿತು. ಥಾಯ್ಲೆಂಡ್ ತನ್ನ ವೀಸಾರಹಿತ ಪ್ರವೇಶದ ಅವಧಿಯನ್ನು 2024ರ ಜುಲೈಯಲ್ಲಿ 60 ದಿನಕ್ಕೆ ಏರಿಸಿತು. ಇವು ಕಾಯಂ ಕಾನೂನುಗಳಲ್ಲ, ಆಯಾ ಸರಕಾರಗಳು ಬೇಕಾದಾಗ ಬದಲಿಸುವ ಆದೇಶಗಳು. ಆದ್ದರಿಂದ ಟಿಕೆಟ್ ಕೊಳ್ಳುವ ಮುಂಚೆ ಆಯಾ ದೇಶದ ರಾಯಭಾರ ಕಚೇರಿಯ ತಾಣವನ್ನು ನೋಡಲೇಬೇಕು. ಇವುಗಳ ಜೊತೆಗೆ ಎರಡು ಡಿಜಿಟಲ್ ಆಗಮನ ಚೀಟಿಗಳಿವೆ: ಥಾಯ್ಲೆಂಡಿನದು ‘ಟಿಡಿಎಸಿ’, 2025ರ ಮೇ 1ರಿಂದ ಜಾರಿಗೆ ಬಂದದ್ದು; ಮಲೇಷ್ಯಾದ್ದು ‘ಎಂಡಿಎಸಿ’. ಎರಡನ್ನೂ ಆಯಾ ದೇಶ ಪ್ರವೇಶಿಸುವ ಮುಂಚಿನ ಮೂರು ದಿನದೊಳಗೆ ಅಂತರ್ಜಾಲದಲ್ಲಿ ತುಂಬಬೇಕು, ಎರಡೂ ಉಚಿತ. ಹುಡುಕಿದಾಗ ಮೇಲೆಯೇ ಕಾಣುವ, ಹಣ ಕೇಳುವ ತಾಣಗಳು ಸರಕಾರದವಲ್ಲ.

ಬ್ಯಾಂಕಾಕ್‌ಗೆ ಹೋಗುವ ಟಿಕೆಟ್ ಇದ್ದು ಅಲ್ಲಿಂದ ಬರುವ ಟಿಕೆಟ್ ಇಲ್ಲದಿರುವುದು ಈ ದಾರಿಯ ಒಂದು ತೊಡಕು. ಹೈದರಾಬಾದಿನ ಶಂಷಾಬಾದ್ ನಿಲ್ದಾಣದ ಕೌಂಟರಿನಲ್ಲಿ ನನ್ನನ್ನು ಹದಿನೈದು ನಿಮಿಷ ಬದಿಗೆ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಗಡಿಗೆ ಹೋಗುವ ಥಾಯ್ ರೈಲಿನ ಟಿಕೆಟ್, ಪೆನಾಂಗ್‌ನ ವಸತಿ, ಮಲೇಷ್ಯಾದಿಂದ ಮರಳುವ ವಿಮಾನದ ಟಿಕೆಟ್, ಈ ಮೂರನ್ನೂ ಕಾಗದದಲ್ಲಿ ಮುದ್ರಿಸಿಕೊಂಡು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ವಲಸೆ ಅಧಿಕಾರಿಗಳು ಒಂಟಿಯಾಗಿ ಹೊರಟ ಯುವಕರನ್ನು ತುಸು ಹೆಚ್ಚೇ ಪ್ರಶ್ನಿಸುತ್ತಾರೆ. ಕೆಲಸ ಕೊಡಿಸುವ ಆಸೆ ತೋರಿಸಿ ಥಾಯ್ಲೆಂಡ್ ಮೂಲಕ ಮ್ಯಾನ್ಮಾರ್‌ನ ಆನ್‌ಲೈನ್ ವಂಚನೆಯ ಅಡ್ಡೆಗಳಿಗೆ ಜನರನ್ನು ಸಾಗಿಸಿದ ಪ್ರಕರಣಗಳಿಂದಾಗಿ ಅದು ಸಹಜ. ಸಿಟ್ಟಾಗದೆ ದಾರಿಯನ್ನು ಊರುಹೆಸರು ಸಮೇತ ಹೇಳಿದರೆ ಬಿಡುತ್ತಾರೆ.

ಚೀಲ, ಬುತ್ತಿ, ಹಣ

ಚೀಲ 40 ಲೀಟರಿನದು ಸಾಕು, ತೂಕ ಏಳು ಕಿಲೋ ಮೀರಬಾರದು. ವಿಮಾನದೊಳಗೇ ಒಯ್ಯಬಹುದು, ದೋಣಿಯಿಂದ ಮೊಣಕಾಲು ನೀರಿಗೆ ಇಳಿಯುವಾಗಲೂ ಬೆನ್ನ ಮೇಲೆಯೇ ಇರುತ್ತದೆ. ಬೇಗ ಒಣಗುವ ನಾಲ್ಕು ಜೊತೆ ಬಟ್ಟೆ, ನೀರು ಹೋಗದ ಒಂದು ಒಳಚೀಲ, ಸೊಳ್ಳೆಯ ಮುಲಾಮು. ಡೆಂಗಿ ಎರಡೂ ದೇಶಗಳಲ್ಲಿದೆ.

ಬುತ್ತಿಯ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಇಲ್ಲ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಊಟವೇ ಆಯಿತು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಬೇಕು, ಇಲ್ಲವಾದರೆ ಚೀಲದ ತಳದಲ್ಲಿ ನುಚ್ಚಾಗಿ ಸಿಗುತ್ತದೆ; ಡಬ್ಬಿಯ ಮುಚ್ಚಳ ಬಿಗಿಯಿಲ್ಲದಿದ್ದರೆ ಕಡಲಗಾಳಿ ಎರಡೇ ದಿನದಲ್ಲಿ ಅದನ್ನು ಮೆತ್ತಗಾಗಿಸುತ್ತದೆ. ಶಾಕಾಹಾರಿಗಳಿಗೆ ಇದು ಬರಿಯ ಊರಿನ ಮಮತೆಯಲ್ಲ, ಅಗತ್ಯ. ಥಾಯ್ ಅಡುಗೆಯಲ್ಲಿ ‘ನಾಮ್ ಪ್ಲಾ’ ಎಂಬ ಮೀನಿನ ರಸ ನಮ್ಮಲ್ಲಿ ಉಪ್ಪಿನಂತೆ ಎಲ್ಲದರಲ್ಲೂ ಬೀಳುತ್ತದೆ. ‘ತರಕಾರಿ ಮಾತ್ರ’ ಎಂದರೆ ತರಕಾರಿಯನ್ನೇ ಕೊಡುತ್ತಾರೆ, ಮೀನಿನ ರಸ ಹಾಕಿ. ಆದ್ದರಿಂದ ‘ಜೆ’ ಎಂಬ ಒಂದಕ್ಷರದ ಪದವನ್ನು ಕಲಿಯಿರಿ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಇರುವುದಿಲ್ಲ.

ಹಣವನ್ನು ಎರಡು ಕಡೆ ಹಂಚಿಡಿ. ಥಾಯ್ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಮುರಿದುಕೊಳ್ಳುತ್ತವೆ, ಹಾಗಾಗಿ ಚಿಕ್ಕ ಮೊತ್ತಗಳನ್ನು ಪದೇ ಪದೇ ತೆಗೆಯುವುದು ದಂಡ. ಯಂತ್ರವು ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಬೇಡವೆನ್ನಿ. ಆ ದರ ಸಾಮಾನ್ಯವಾಗಿ ದುಬಾರಿ. ಗಡಿಯ ದಿನಕ್ಕೆ ಮಲೇಷ್ಯಾದ ಹಣವಾದ ರಿಂಗಿಟ್ಟನ್ನು ಸ್ವಲ್ಪ ಹಾಟ್ ಯಾಯ್‌ನಲ್ಲೇ ಬದಲಿಸಿ ಇಟ್ಟುಕೊಳ್ಳಿ.

ಕೊಲ್ಲಿಯಿಂದ ಅಂಡಮಾನ್ ಕಡಲಿಗೆ

ಬ್ಯಾಂಕಾಕ್‌ನಲ್ಲಿ ದಕ್ಷಿಣದ ದೂರದ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್ ನಿಲ್ದಾಣದ ಬದಲು ಕ್ರುಂಗ್ ಥೇಪ್ ಅಪಿವತ್ ಎಂಬ ದೊಡ್ಡ ಹೊಸ ನಿಲ್ದಾಣದಿಂದ ಹೊರಡುತ್ತವೆ. ರಾತ್ರಿ ರೈಲಿನ ಎರಡನೆಯ ದರ್ಜೆಯಲ್ಲಿ ಮಲಗುವ ಪಟ್ಟಿಗಳು ನಮ್ಮ ಸೈಡ್ ಬರ್ತ್‌ನಂತೆ ಹಾದಿಯುದ್ದಕ್ಕೂ ಇರುತ್ತವೆ; ಸಂಜೆ ಸಿಬ್ಬಂದಿ ಬಂದು ಎದುರುಬದುರಿನ ಎರಡು ಸೀಟು ಜೋಡಿಸಿ, ಹಾಸಿಗೆ ಹಾಸಿ, ಪರದೆ ಕಟ್ಟಿ ಹೋಗುತ್ತಾರೆ. ಕೆಳಗಿನದು ಅಗಲ ಹೆಚ್ಚು, ದರವೂ ಸ್ವಲ್ಪ ಹೆಚ್ಚು.

ರೈಲು ಕಡಲತೀರದಲ್ಲಿ ಹೋಗುತ್ತದೆ ಎಂದ ಮಾತ್ರಕ್ಕೆ ಕಿಟಕಿಯಲ್ಲಿ ಕಡಲು ಕಾಣುತ್ತದೆ ಎಂದು ನಂಬಿ ಕೂರಬೇಡಿ. ಹೆಚ್ಚಿನ ದಾರಿ ತೆಂಗಿನ ತೋಟ, ರಬ್ಬರ್ ತೋಟ, ಸುಣ್ಣದಕಲ್ಲಿನ ಗುಡ್ಡಗಳು. ಕಡಲಿಗಾಗಿ ಇಳಿಯಬೇಕು. ನಾನು ಹೇಳುವುದಾದರೆ ಹೆಸರುವಾಸಿಯಾದ ಹುವಾ ಹಿನ್ ಬಿಟ್ಟು ಅದರಾಚೆಯ ಪ್ರಚುವಪ್ ಖಿರಿ ಖಾನ್‌ನಲ್ಲಿ ಎರಡು ರಾತ್ರಿ ಕಳೆಯಿರಿ. ನಿಲ್ದಾಣದಿಂದ ನೇರ ನಡೆದರೆ ಕೆಲವೇ ನಿಮಿಷದಲ್ಲಿ ಅರ್ಧಚಂದ್ರದ ಕೊಲ್ಲಿ. ಗುಡ್ಡದ ಗುಡಿಯ ಮಂಗಗಳ ಮುಂದೆ ಮಾತ್ರ ತಿಂಡಿ ಚೀಲ ತೆರೆಯಬೇಡಿ. ಕಚ್ಚಿದರೆ ಅಂದೇ ಲಸಿಕೆ ಬೇಕಾಗುತ್ತದೆ.

ಚುಂಫೋನ್ ದಾಟಿದ ಮೇಲೆ ಸುರಾತ್ ಥಾನಿ. ಅರಸ ವಜಿರಾವುಧ್ 1915ರಲ್ಲಿ ಗುಜರಾತಿನ ಸೂರತ್ ನೆನಪಿನಲ್ಲಿ ಇಟ್ಟ ಹೆಸರಿದು. ಅಲ್ಲಿನ ನದಿಗೂ ನಮ್ಮ ತಾಪಿಯ ಹೆಸರೇ. ನಿಲ್ದಾಣವಿರುವುದು ಊರಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರದ ಫುನ್‌ಫಿನ್‌ನಲ್ಲಿ. ಅಂಡಮಾನ್ ಕಡಲು ನೋಡಲು ಅಲ್ಲಿ ರೈಲು ಬಿಟ್ಟು, ಬಸ್ಸು ಹಿಡಿದು ಪಶ್ಚಿಮಕ್ಕೆ ಕ್ರಾಬಿ, ಕ್ರಾಬಿಯಿಂದ ವ್ಯಾನಿನಲ್ಲಿ ಹಾಟ್ ಯಾಯ್.

ಬಾವಿಯಲ್ಲಿ, ಭೀಮೆಯಲ್ಲಿ ಈಜು ಕಲಿತವರಿಗೆ ಕಡಲ ಬಗ್ಗೆ ಒಂದು ಮಾತು. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೇ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಬದಿಗೆ ಈಜಿದರೆ ಸೆಳೆತದಿಂದ ಹೊರಬರಬಹುದು. ಕೆಂಪು ಬಾವುಟವಿದ್ದಲ್ಲಿ ನೀರಿಗಿಳಿಯಲೇಬಾರದು. ಬಾಡಿಗೆ ಸ್ಕೂಟರ್ ಬೇಕೆನ್ನುವವರು ಊರಲ್ಲೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು, ಮತ್ತು ಯಾರು ಕೇಳಿದರೂ ಪಾಸ್‌ಪೋರ್ಟನ್ನು ಅಡವಿಡಬಾರದು.

ಗಡಿ ದಾಟುವ ದಿನ

ವಾಡಿ ಜಂಕ್ಷನ್‌ನಲ್ಲಿ ಒಂದು ಹಳಿ ಸಿಕಂದರಾಬಾದಿಗೂ ಇನ್ನೊಂದು ಯಾದಗಿರಿ, ರಾಯಚೂರಿನ ಕಡೆಗೂ ಒಡೆಯುವಂತೆ, ಹಾಟ್ ಯಾಯ್‌ನಲ್ಲಿ ದಾರಿ ಎರಡಾಗುತ್ತದೆ. ನೈರುತ್ಯಕ್ಕೆ ತಿರುಗುವುದು ಪಾಡಾಂಗ್ ಬೆಸಾರ್‌ಗೆ, ಅದೇ ನಮ್ಮದು. ಇನ್ನೊಂದು ಯಾಲಾ, ನರಾಥಿವಾತ್ ಪ್ರಾಂತಗಳ ಮೂಲಕ ಸುಂಗೈ ಕೊಲೋಕ್‌ಗೆ ಹೋಗುತ್ತದೆ. ಅಲ್ಲಿ 2004ರಿಂದ ಪ್ರತ್ಯೇಕತಾವಾದಿ ಹಿಂಸೆ ನಡೆದಿದೆ, ಆ ದಾರಿ ಬೇಡ. ಪ್ಲಾಟ್‌ಫಾರ್ಮಿನಲ್ಲಿ ಬೋಗಿಯ ಫಲಕ ಓದಿಯೇ ಹತ್ತಿ.

ಸುಮಾರು ಒಂದು ತಾಸಿನ ಪ್ರಯಾಣ. ಪಾಡಾಂಗ್ ಬೆಸಾರ್ ನಿಲ್ದಾಣವಿರುವುದು ಮಲೇಷ್ಯಾದ ನೆಲದಲ್ಲಿ, ಆದರೆ ಎರಡೂ ದೇಶಗಳ ವಲಸೆ ಕೌಂಟರುಗಳು ಒಂದೇ ಕಟ್ಟಡದಲ್ಲಿವೆ. ಇಳಿದು ಸಾಲಿನಲ್ಲಿ ನಿಂತರೆ ಮೊದಲು ಥಾಯ್ ಅಧಿಕಾರಿ ನಿರ್ಗಮನದ ಮುದ್ರೆ ಒತ್ತುತ್ತಾರೆ. ಕೆಲವು ಹೆಜ್ಜೆ ನಡೆದರೆ ಮಲೇಷ್ಯಾದ ಕೌಂಟರು. ಎಷ್ಟು ದಿನ, ಎಲ್ಲಿ ಇರುತ್ತೀರಿ, ಮರಳುವ ಟಿಕೆಟ್ ಎಲ್ಲಿ ಎಂಬ ಪ್ರಶ್ನೆಗಳು. ಪ್ಲಾಸ್ಟಿಕ್ ಕವರು ಹೊರಬರುವುದು ಈಗ. ಆಮೇಲೆ ಸುಂಕದವರ ಮೇಜು. ನನ್ನ ಸ್ಟೀಲ್ ಡಬ್ಬಿ ಯಂತ್ರದಲ್ಲಿ ಕರಿಯ ಚಕ್ರದಂತೆ ಕಂಡಿರಬೇಕು, ತೆರೆಸಿದರು. ಉಳಿದಿದ್ದ ಮೂರು ರೊಟ್ಟಿಯಲ್ಲಿ ಒಂದನ್ನು ಅಧಿಕಾರಿ ಬೆರಳಿನಿಂದ ತಟ್ಟಿ ಸದ್ದು ಕೇಳಿ, ನಕ್ಕು, ಮುಚ್ಚಳ ಹಾಕಿ ಕೊಟ್ಟರು. ಎಲ್ಲದಕ್ಕೂ ನಗುವುದಿಲ್ಲ: ಥಾಯ್ಲೆಂಡಿನಲ್ಲಿ ಅಂಗಡಿಗಳಲ್ಲಿ ಕಾಣುವ ಗಾಂಜಾ ಮಲೇಷ್ಯಾದಲ್ಲಿ ಘೋರ ಅಪರಾಧ. ಚೀಲದ ಮೂಲೆಯಲ್ಲಿ ಚೂರೂ ಇರಬಾರದು, ಇನ್ನೊಬ್ಬರ ಚೀಲ ಹಿಡಿದುಕೊಳ್ಳಲೂ ಬಾರದು.

ನಾನು ಎಡವಿದ್ದು ಗಡಿಯಾರದಲ್ಲಿ. ಥಾಯ್ಲೆಂಡ್ ನಮಗಿಂತ ಒಂದೂವರೆ ತಾಸು ಮುಂದೆ, ಮಲೇಷ್ಯಾ ಎರಡೂವರೆ ತಾಸು. ಮುದ್ರೆ ಒತ್ತಿಸಿಕೊಂಡು ಮೆಟ್ಟಿಲು ಹತ್ತಿ ಟಿಕೆಟ್ ಕಿಟಕಿಗೆ ನಿಧಾನಕ್ಕೆ ಹೋದಾಗ ಗೋಡೆಯ ಗಡಿಯಾರ ನನ್ನದಕ್ಕಿಂತ ಒಂದು ತಾಸು ಮುಂದಿತ್ತು. ನಾನು ಹಿಡಿಯಬೇಕೆಂದಿದ್ದ ರೈಲು ಇಪ್ಪತ್ತು ನಿಮಿಷದ ಹಿಂದೆಯೇ ಹೊರಟುಹೋಗಿತ್ತು. ಈ ಗಡಿ 1909ರ ಬ್ರಿಟಿಷ್–ಸಯಾಮ್ (ಥಾಯ್ಲೆಂಡಿನ ಹಳೆಯ ಹೆಸರು) ಒಪ್ಪಂದದಲ್ಲಿ ಎಳೆದ ಗೆರೆ. ಗಡಿಯಾರ ಈಗಿನಂತಾದದ್ದು 1982ರ ಆರಂಭದಲ್ಲಿ, ಬೋರ್ನಿಯೊ ಕಡೆಯ ತನ್ನ ರಾಜ್ಯಗಳ ಹೊತ್ತಿಗೆ ಮಲೇಷ್ಯಾ ಪರ್ಯಾಯ ದ್ವೀಪವನ್ನೂ ಹೊಂದಿಸಿದಾಗ. ಹಾಟ್ ಯಾಯ್ ಬಿಡುವಾಗಲೇ ಕೈಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಳ್ಳಿ.

ಮುಂದಿನದು ಸುಲಭ. ಮಲೇಷ್ಯಾ ರೈಲ್ವೆಯ ಕೆಟಿಎಂ ಕೊಮ್ಯೂಟರ್ ರೈಲು ಎರಡು ತಾಸಿನ ಆಸುಪಾಸಿನಲ್ಲಿ ಪೆನಾಂಗ್ ದ್ವೀಪದ ಎದುರು ದಡದ ಬಟರ್‌ವರ್ತ್ ತಲುಪಿಸುತ್ತದೆ. ನಿಲ್ದಾಣಕ್ಕೆ ಅಂಟಿಕೊಂಡ ಹಾದಿಯಲ್ಲಿ ನಡೆದರೆ ಹಡಗುಕಟ್ಟೆ. ಹತ್ತು ಹದಿನೈದು ನಿಮಿಷದ ದೋಣಿ ದಾಟಿದರೆ 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ, ಪೆನಾಂಗ್‌ನ ಮುಖ್ಯ ಊರಾದ ಜಾರ್ಜ್ ಟೌನ್. ಅಲ್ಲಿನ ಲಿಟಲ್ ಇಂಡಿಯಾ ಓಣಿಯಲ್ಲಿ ತಮಿಳರ ಖಾನಾವಳಿಗಳಿವೆ, ಬಾಳೆಎಲೆಯ ಮೇಲೆ ಅನ್ನ ಸಾರು ಬಡಿಸುತ್ತಾರೆ, ‘ಜೆ’ ಫಲಕ ಹುಡುಕುವ ಕೆಲಸವಿಲ್ಲ. ಹೈದರಾಬಾದಿಗೆ ನೇರ ವಿಮಾನ ಬೇಕಾದವರು ಬಟರ್‌ವರ್ತ್‌ಗೆ ಮರಳಿ, ವೇಗದ ಇಟಿಎಸ್ ರೈಲಿನಲ್ಲಿ ನಾಲ್ಕು ತಾಸಿಗೆ ಕ್ವಾಲಾಲಂಪುರ ಸೇರಬಹುದು. ವಾರಾಂತ್ಯದಲ್ಲಿ ಆ ರೈಲು ಬೇಗ ತುಂಬುವುದರಿಂದ ಅದರ ಟಿಕೆಟನ್ನು ಕಲಬುರಗಿ ಬಿಡುವ ಮುಂಚೆಯೇ ಅಂತರ್ಜಾಲದಲ್ಲಿ ನೋಡಿಡುವುದು ಒಳ್ಳೆಯದು.