ಮುರುಗಲು ಬೀಜ ಎಸೆಯಬೇಡಿ, ತುಪ್ಪ ತೆಗೆಯಿರಿ

ಬೇಸಿಗೆ ಬಂತೆಂದರೆ ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಗಳಲ್ಲಿ ಮುರುಗಲು (ಪುನರ್ಪುಳಿ) ಹಣ್ಣು ಬಿಡಿಸುವ ಕೆಲಸ ಜೋರು. ಸಿಪ್ಪೆ ಶರಬತ್ತಿಗೆ, ಸಾರಿಗೆ. ತಿರುಳಿನ ರಸಕ್ಕೂ ಉಪಯೋಗವಿದೆ. ಉಪ್ಪು ಬೆರೆಸಿ ಅದರಲ್ಲೇ ಸಿಪ್ಪೆ ಅದ್ದಿ ಒಣಗಿಸುತ್ತಾರೆ. ಬೀಜ ಮಾತ್ರ ಎಷ್ಟೋ ಕಡೆ ಗೊಬ್ಬರಗುಂಡಿಗೆ ಹೋಗುತ್ತದೆ. ಅದರ ತೂಕದ ಸುಮಾರು ಕಾಲುಭಾಗ ಜಿಡ್ಡು! ಐರೋಪ್ಯ ಒಕ್ಕೂಟ ಚಾಕೊಲೇಟಿಗೆ ಕೋಕೋ ಬೆಣ್ಣೆಯ ಜೊತೆ ಬೆರೆಸಲು ಒಪ್ಪಿರುವ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಇದೂ ಒಂದು. ನಮ್ಮ ಹಿರಿಯರು ಇದನ್ನೇ ಮನೆಯಲ್ಲಿ ಕಾಯಿಸಿ ‘ಮುರುಗಲ ತುಪ್ಪ’ ಎಂದರು.

ಬೀಜವನ್ನು ಬುಟ್ಟಿಗೆ ಹಾಕಿ, ನೀರು ಸುರಿಯುತ್ತ, ಲೋಳೆ ಹೋಗುವವರೆಗೆ ತಿಕ್ಕಿ ತೊಳೆಯಿರಿ.

ಮುಂದಿನದು ಒಣಗಿಸುವುದು. ತುಪ್ಪದ ಗುಣ ನಿಲ್ಲುವುದು ಇದರ ಮೇಲೆ. ಹಸಿ ಉಳಿದರೆ ಬೂಷ್ಟು ಹಿಡಿದು ತುಪ್ಪ ಕಮಟು ಹೊಡೆಯುತ್ತದೆ, ಆಮೇಲೆ ಎಷ್ಟು ಕಾಯಿಸಿದರೂ ಆ ವಾಸನೆ ಹೋಗದು. ಹಣ್ಣು ಮುಗಿಯುವ ಹೊತ್ತಿಗೆ ಮಳೆಯೂ ಹಿಡಿದಿರುತ್ತದೆ. ಹಾಗಾಗಿ ಮೊದಲ ಕೊಯ್ಲಿನ ಬೀಜಗಳನ್ನೇ ಆರಿಸಿ ಅಂಗಳದಲ್ಲಿ ತೆಳ್ಳಗೆ ಹರವಿ. ಮೋಡ ಕವಿದರೆ ಒಲೆಯ ಮೇಲಿನ ಅಟ್ಟಕ್ಕೋ ಅಡಿಕೆ ಡ್ರೈಯರಿಗೋ ಏರಿಸಿ. ಹಲ್ಲಲ್ಲಿ ಕಚ್ಚಿದರೆ ಕಟ್ಟೆಂದು ಒಡೆಯಬೇಕು.

ಒಣಗಿದ ಬೀಜವನ್ನು ಕೊಡತಿಯಿಂದ ಮೆಲ್ಲಗೆ ಬಡಿದು, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಒಳಗಿನ ಬೇಳೆಯನ್ನು ಒರಳಲ್ಲಿ ಕುಟ್ಟಿ ಪುಡಿ ಮಾಡಿ. ಮಿಕ್ಸಿಯೂ ಆದೀತು.

ಪುಡಿ ಚೆನ್ನಾಗಿ ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಜಿಡ್ಡು ಮೇಲೆ ತೇಲುತ್ತದೆ. ಬಿಸಿಯಲ್ಲೇ ಸೌಟಿನಿಂದ ತೆಗೆಯಬಹುದು. ನನಗೆ ಮಾತ್ರ ಪಾತ್ರೆಯನ್ನು ರಾತ್ರಿಯಿಡೀ ಹಾಗೇ ಬಿಡುವುದೇ ಸುಲಭ ಅನ್ನಿಸುತ್ತದೆ: ಬೆಳಿಗ್ಗೆ ನೀರಿನ ಮೇಲೆ ಹೆಪ್ಪುಗಟ್ಟಿದ್ದನ್ನು ಇಡಿಯಾಗಿ ಎತ್ತಬಹುದು. ಉಳಿದ ಗಷ್ಟನ್ನು ಇನ್ನೊಮ್ಮೆ ಕುದಿಸಿದರೆ ಮತ್ತಷ್ಟು ಬರುತ್ತದೆ.

ಎತ್ತಿದ್ದನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಚಟಚಟ ಸದ್ದು ನಿಲ್ಲುವವರೆಗೆ ಕಾಯಿಸಿ. ಸದ್ದು ಇದೆಯೆಂದರೆ ನೀರಿನ ಪಸೆ ಇದೆಯೆಂದೇ ಅರ್ಥ. ಬಟ್ಟೆಯಲ್ಲಿ ಸೋಸಿ ಗೆರಟೆಗೆ ಹೊಯ್ದರೆ ತಿಳಿ ಹಳದಿಯ ಗಟ್ಟಿ ಅಚ್ಚು ಸಿದ್ಧ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ ಹತ್ತಿರ ಕರಗುವ ಕೊಬ್ಬಾದ್ದರಿಂದ ಮನೆಯೊಳಗೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚಲು ಇದಕ್ಕಿಂತ ಒಳ್ಳೆಯದು ನಾ ಕಾಣೆ. ಸಾಬೂನು, ಕ್ರೀಮು ಮಾಡುವವರೂ ಕೊಳ್ಳುತ್ತಾರೆ. ಆಹಾರಕ್ಕೆಂದು ಮಾರುವುದಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ.

ಕೊನೆಗೆ ಉಳಿದ ಗಷ್ಟನ್ನು ಕಾಂಪೋಸ್ಟಿಗೆ ಸೇರಿಸಿ, ಚೆನ್ನಾಗಿ ಕೊಳೆತ ಮೇಲೆ ಅಡಿಕೆ ಬುಡಕ್ಕೆ ಹಾಕಿ.