ಆಸ್ಟಿಯೋಪಥಿ: ಹುಟ್ಟು, ತತ್ವ ಮತ್ತು ತೊಡೆ ಬಿಗಿತಕ್ಕೆ ಒಂದು ಕ್ರಮ

ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ (1828–1917) ಸುಮಾರು ಹತ್ತು ವರ್ಷದವರಿದ್ದಾಗ ತಲೆನೋವು ತಡೆಯಲಾರದೆ ಎರಡು ಮರಗಳ ನಡುವೆ ಹಗ್ಗ ಕಟ್ಟಿದರು. ನೆಲದಿಂದ ಎಂಟು-ಹತ್ತು ಇಂಚು ಮೇಲಿದ್ದ ಆ ಹಗ್ಗದ ಮೇಲೆ ಕಂಬಳಿಯ ತುದಿ ಹಾಸಿ, ಕತ್ತನ್ನು ಅದಕ್ಕೆ ಆನಿಸಿ ಮಲಗಿದರು. ನಿದ್ದೆ ಹತ್ತಿತು, ಎದ್ದಾಗ ನೋವಿರಲಿಲ್ಲ. ಮುಂದೆ ಅವರು ಕಟ್ಟಿದ ಆಸ್ಟಿಯೋಪಥಿಯ, ಅಂದರೆ ಮೂಳೆ, ಕೀಲು, ಸ್ನಾಯುಗಳಿಗೆ ಕೈಯಿಂದ ಕೊಡುವ ಚಿಕಿತ್ಸೆಯ ಬೀಜ ಇಲ್ಲೇ ಇದೆ: ಹಗ್ಗ ಕತ್ತನ್ನು ಎಳೆಯಲಿಲ್ಲ, ಸುಮ್ಮನೆ ಹೊತ್ತುಕೊಂಡಿತು.

1864ರಲ್ಲಿ ಮೆದುಳು-ಬೆನ್ನುಹುರಿಯ ಪೊರೆಯ ಸೋಂಕು ಸ್ಟಿಲ್ ಅವರ ಮಕ್ಕಳನ್ನು ಬಲಿ ತೆಗೆದುಕೊಂಡಿತು. ಪಾದರಸದ ಔಷಧಿ, ರಕ್ತ ತೆಗೆಯುವುದು ಇವೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಅವರು ಮೂಳೆ, ಕೀಲುಗಳ ರಚನೆಯತ್ತ ಹೊರಳಿದರು. 1874ರಲ್ಲಿ ಹೊಸ ಪದ್ಧತಿಯನ್ನು ಘೋಷಿಸಿ, 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು.

ತತ್ವಗಳು ನಾಲ್ಕು. ದೇಹ ಒಂದೇ ಘಟಕ. ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕಿದೆ. ರಚನೆ ಕೆಟ್ಟರೆ ಕೆಲಸ ಕೆಡುತ್ತದೆ, ಕೆಲಸ ಕೆಟ್ಟರೆ ರಚನೆಯೂ. ಈ ಮೂರನ್ನು ಆಧರಿಸಿಯೇ ಚಿಕಿತ್ಸೆ ನಡೆಯಬೇಕು ಎಂಬುದು ನಾಲ್ಕನೆಯದು. ಸ್ಟಿಲ್ ಹೆಚ್ಚುಕಡಿಮೆ ಎಲ್ಲ ರೋಗಗಳಿಗೂ ಇದನ್ನೇ ಅನ್ವಯಿಸಿದ್ದರು. ಅದನ್ನು ಇಂದು ಒಪ್ಪಲಾಗದು. ಇಂದಿನ ಆಧಾರ ಮುಖ್ಯವಾಗಿ ಸೊಂಟನೋವಿನಂಥ ಸ್ನಾಯು-ಕೀಲುಗಳ ತೊಂದರೆಗೆ. ಇನ್ನೊಂದು ಮಾತು: ಅಮೆರಿಕದಲ್ಲಿ ಆಸ್ಟಿಯೋಪಥಿ ಪದವೀಧರರು ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು, ಬ್ರಿಟನ್‌ನಲ್ಲಿ ಕೈಯಿಂದ ಮಾತ್ರ ಚಿಕಿತ್ಸೆ ಕೊಡುವವರು. ಹೆಸರು ಒಂದೇ ಆದರೂ ತರಬೇತಿ ಬೇರೆ. ಚಿಕಿತ್ಸೆಗೆ ಹೋಗುವ ಮುನ್ನ ಓದಿದ್ದೇನು ಎಂದು ಕೇಳಿ.

ಚಿಕಿತ್ಸಕರ ಕೈ ಮೊದಲು ದೇಹವನ್ನು ಓದುತ್ತದೆ, ಆಮೇಲೆ ಚಿಕಿತ್ಸೆ ಮಾಡುತ್ತದೆ. ಹುಡುಕುವುದು ನಾಲ್ಕನ್ನು: ಅಂಗಾಂಶ ಗಡಸಾಗಿದೆಯೇ, ಎಡ-ಬಲ ಸಮವಿದೆಯೇ, ಚಲನೆ ಎಲ್ಲಿ ತಡೆಯುತ್ತದೆ, ಒತ್ತಿದರೆ ಎಲ್ಲಿ ನೋವು. ಮೂರನೆಯದೇ ಬಹಳ ಮುಖ್ಯ, ಏಕೆಂದರೆ ಚಿಕಿತ್ಸೆ ಆ ತಡೆಯ ಅಂಚಿನಲ್ಲೇ ಶುರುವಾಗುತ್ತದೆ.

ಅಮೆರಿಕದ ಆಸ್ಟಿಯೋಪಥಿ ವೈದ್ಯ ಫ್ರೆಡ್ ಮಿಚೆಲ್ ರೂಪಿಸಿದ ಸ್ನಾಯುಶಕ್ತಿ ಕ್ರಮವನ್ನು (ಸ್ನಾಯುವನ್ನು ತಡೆಗೆ ಎದುರಾಗಿ ಮೆಲ್ಲಗೆ ಒತ್ತಿಸಿ, ಆಮೇಲೆ ಸಡಿಲಿಸುವುದು) ತೊಡೆಯ ಹಿಂಬದಿಯ ಬಿಗಿತಕ್ಕೆ ಮನೆಯಲ್ಲೇ ಹೀಗೆ ಮಾಡಬಹುದು. ನೆಲದ ಮೇಲೆ ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ. ಇನ್ನೊಂದು ಕಾಲಿನ ಪಾದಕ್ಕೆ ಉದ್ದನೆಯ ಟವೆಲ್ ಸುತ್ತಿ ಎರಡೂ ತುದಿ ಹಿಡಿದು, ಮೊಣಕಾಲು ನೇರವಾಗಿಟ್ಟು ಮೇಲೆತ್ತಿ. ಎಳೆತ ಮೊದಲು ಗೊತ್ತಾಗುವ ಜಾಗದಲ್ಲೇ ನಿಲ್ಲಿಸಿ. ಈಗ ಹಿಮ್ಮಡಿಯನ್ನು ನೆಲದತ್ತ ಒತ್ತಿ, ಆದರೆ ಕಾಲು ಕದಲದಂತೆ ಟವೆಲ್ ತಡೆಯಲಿ. ಬಲ ಪೂರ್ತಿ ಶಕ್ತಿಯ ಐದರಲ್ಲೊಂದು ಭಾಗ, ಅವಧಿ 5 ಸೆಕೆಂಡು. ಉಸಿರು ಬಿಡುತ್ತಾ ಪೂರ್ತಿ ಸಡಿಲಿಸಿ, ಎರಡು-ಮೂರು ಸೆಕೆಂಡು ಕಾಯಿರಿ. ಆಮೇಲೆ ಕಾಲು ಎಷ್ಟು ಸಲೀಸಾಗಿ ಬರುತ್ತದೋ ಅಷ್ಟೇ ಮೇಲಕ್ಕೆ ತನ್ನಿ. ಮೂರರಿಂದ ಐದು ಸಲ ಸಾಕು.

ಸಾಮಾನ್ಯವಾಗಿ ಕೆಡುವುದು ಬಲದಲ್ಲಿ. ಜೋರಾಗಿ ಒತ್ತಿದರೆ ಸೊಂಟ, ಪೃಷ್ಠದ ಸ್ನಾಯುಗಳೂ ಸೇರಿಕೊಂಡು, ಬೇಕಾದ ಸ್ನಾಯುವಿಗೆ ಕೆಲಸ ಸರಿಯಾಗಿ ತಲುಪುವುದಿಲ್ಲ. ಉಸಿರು ಕಟ್ಟಿದರೆ ಮೈಯೆಲ್ಲ ಬಿಗಿಯುತ್ತದೆ. ಸಡಿಲಾಗುವ ಮುನ್ನವೇ ಎಳೆದರೆ ಸ್ನಾಯು ತಿರುಗಿ ಎದುರಿಸುತ್ತದೆ. ಮೊಣಕಾಲು ತುಸು ಮಡಚಿಕೊಂಡರೆ ಕಾಲು ಮೇಲೆ ಬಂದಂತೆ ಕಾಣುತ್ತದೆ, ಆದರೆ ಬಿಗಿತ ಹಾಗೇ ಉಳಿದಿರುತ್ತದೆ. ಕಾಲಿನುದ್ದ ಜುಮ್ಮೆನ್ನುವುದು, ಮಿಂಚಿನಂಥ ನೋವು ಬಂದರೆ ಅದು ನರದ ಎಳೆತ, ತಕ್ಷಣ ನಿಲ್ಲಿಸಿ.

ಬಿದ್ದ ಪೆಟ್ಟು, ಜ್ವರದ ಜೊತೆಗಿನ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಮೂಳೆ ಸವೆತ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ತೊಡೆಸಂದು, ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಎರಡೂ ಕಾಲು ಸೋತರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ, ಮರುದಿನಕ್ಕೆ ಮುಂದೂಡಬೇಡಿ.