ನಿಂತಲ್ಲೇ ಬಿಸಿಯೇರುತ್ತಿದ್ದ ಹಳೇ ಬೋಟ್ ಎಂಜಿನ್: ನನ್ನ ಅನುಭವ

ಬೋಟ್ ನಿಲ್ಲಿಸಿ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ, ಅಂದರೆ ನಿಧಾನವಾಗಿ ತಿರುಗಲು ಬಿಟ್ಟರೆ ವಿಪರೀತ ಬಿಸಿಯಾಗುತ್ತಿತ್ತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ, ಬಿಚ್ಚದೆ ಬೇರೆ ದಾರಿ ಇಲ್ಲ. ನಾನು ಹೆಡ್ ಮುಟ್ಟಲೇ ಇಲ್ಲ. ಎರಡು ಸೀಸನ್ ಕಳೆಯಿತು, ಐಡ್ಲಿಂಗ್‌ನಲ್ಲಿ ಒಂದು ಗಂಟೆ ಬಿಟ್ಟರೂ ಟೆಂಪರೇಚರ್ ಮೀಟರಿನ ಮುಳ್ಳು 65 ಡಿಗ್ರಿ ಸುತ್ತಮುತ್ತಲೇ ಇರುತ್ತದೆ.

ನಾಲ್ಕು ಸಿಲಿಂಡರಿನ ಹಳೇ ಪೆಟ್ರೋಲ್ ಇನ್‌ಬೋರ್ಡ್ ಇದು, ಅಂದರೆ ಬೋಟಿನ ಒಳಗೇ ಕೂರುವ ಎಂಜಿನ್. ತಂಪು ಮಾಡಲು ಹೊರಗಿನ ಉಪ್ಪುನೀರೇ ನೇರವಾಗಿ ಬ್ಲಾಕ್‌ಗೆ ಹೋಗಿ ಎಕ್ಸಾಸ್ಟ್ ಮೂಲಕ ಹೊರಬೀಳುತ್ತದೆ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ವಾಲ್ವ್) 62 ಡಿಗ್ರಿಯದ್ದು. 2500 ಆರ್‌ಪಿಎಂನಲ್ಲಿ ಓಡುವಾಗ ಏನೂ ತೊಂದರೆ ಇಲ್ಲ. 700ಕ್ಕೆ ಇಳಿಸಿ ಬೋಟ್ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ 90 ದಾಟುತ್ತಿತ್ತು. ಸ್ವಲ್ಪ ರೇಸ್ ಮಾಡಿದರೆ ಮತ್ತೆ ಇಳಿಯುತ್ತಿತ್ತು. ಗ್ಯಾಸ್ಕೆಟ್ ಹೋಗಿದ್ದರೆ ಲೋಡ್ ಬಿದ್ದಾಗ ಜಾಸ್ತಿ ಬಿಸಿಯಾಗಬೇಕಿತ್ತು ಅಲ್ವಾ? ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದೆ. ನಾಲ್ಕೂ 135ರಿಂದ 142 ಪಿಎಸ್‌ಐ ಒಳಗಿತ್ತು. ಅಲ್ಲಿಗೆ ನನಗೆ ಆ ಅನುಮಾನ ಮುಗಿಯಿತು, ಉಳಿದವರಿಗೆ ಮುಗಿಯಲಿಲ್ಲ.

ಮೊದಲು ದುಡ್ಡು ಹೋದದ್ದು ಪಾರ್ಟ್‌ಗಳಿಗೆ. ಹೊಸ ಥರ್ಮೋಸ್ಟಾಟ್, ಹೊಸ ಇಂಪೆಲ್ಲರ್ (ನೀರಿನ ಪಂಪ್ ಒಳಗೆ ತಿರುಗುವ ರಬ್ಬರ್ ಎಸಳಿನ ಚಕ್ರ), ಹೊಸ ಸೆಂಡರ್ (ಮೀಟರಿಗೆ ಬಿಸಿ ತಿಳಿಸುವ ಸೆನ್ಸರ್). ಆಮೇಲೆ ಉಪ್ಪು ಕಟ್ಟಿಕೊಂಡಿದೆ ಅಂತ ಆಸಿಡ್ ಹಾಕಿ ತೊಳೆದೆ. ಉಪ್ಪೇನೋ ಬಂತು, ಕಾಯುವುದು ನಿಲ್ಲಲಿಲ್ಲ. ಕೊನೆಗೆ ಲೆಕ್ಕ ಹಾಕಿದರೆ, ನಿಜವಾಗಿ ಬೇಕಾಗಿದ್ದ ಸಾಮಾನಿಗಿಂತ ಹತ್ತು ಹದಿನೈದು ಪಟ್ಟು ಸುಮ್ನೆ ಸುರಿದಿದ್ದೆ.

ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ತಂದ ಮೇಲೆ ಒಂದು ವಿಷಯ ಗೊತ್ತಾಯಿತು. ಮೀಟರ್ 6-7 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಮೀಟರಿನ ಅರ್ತಿಂಗ್ ವೈರ್ ಬುಡ ತುಕ್ಕು ಹಿಡಿದಿತ್ತು, ಉಜ್ಜಿ ಸರಿ ಮಾಡಿದೆ. ಹೊಳೆಯುವ ಲೋಹಕ್ಕೆ ಗನ್ ಹಿಡಿದರೆ ಸುಳ್ಳು ಹೇಳುತ್ತದೆ, ಹೊಳಪಿಲ್ಲದ ಕಪ್ಪು ಪೇಂಟಿನ ಒಂದು ಚುಕ್ಕೆ ಇಟ್ಟು ಅಲ್ಲೇ ಹಿಡಿಯಿರಿ. ಆದರೂ ಮಿಕ್ಕ ಬಿಸಿ ನಿಜವಾದ ಬಿಸಿಯೇ.

ಆಮೇಲೆ ಬಕೆಟ್ ಹಿಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಐಡ್ಲಿಂಗ್‌ನಲ್ಲಿ ಎಕ್ಸಾಸ್ಟ್ ಬಾಯಿಂದ ಬರುವ ನೀರು 10 ಲೀಟರ್ ತುಂಬಲು ಎರಡು ನಿಮಿಷದ ಮೇಲಾಯಿತು. ಹೊಸ ಇಂಪೆಲ್ಲರ್ ಹಾಕಿದ ಪಂಪ್ ಇದು! ಸ್ಟ್ರೈನರ್‌ಗೂ (ಒಳಬರುವ ನೀರಿನ ಕಸ ಸೋಸುವ ಡಬ್ಬಿ) ಪಂಪ್‌ಗೂ ನಡುವೆ ಒಂದು ಗೇಣು ಪಾರದರ್ಶಕ ಹೋಸ್ ಸೇರಿಸಿದೆ. ಒಳಗೆ ನೀರಿಗಿಂತ ಗುಳ್ಳೆಯೇ ಹೆಚ್ಚು. ಆ ಹೋಸನ್ನು ಅಲ್ಲೇ ಬಿಡಬೇಡಿ, ಮೆತ್ತಗಾಗಿ ಚಪ್ಪಟೆಯಾಗುತ್ತದೆ.

ನಮ್ಮ ಸ್ಟ್ರೈನರ್ ನೀರಿನ ಮಟ್ಟಕ್ಕಿಂತ ಮೇಲಿದೆ. ಅದಕ್ಕೇ ಅಲ್ಲಿ ಸೀಳಿದ್ದರೂ ಒಂದು ತೊಟ್ಟು ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಲ್ಲರೂ ಒದ್ದೆ ಜಾಗ ಹುಡುಕುತ್ತಿದ್ದರು. ಎಂಜಿನ್ ನಡೆಯುವಾಗಲೇ ಒಂದೊಂದೇ ಜಾಯಿಂಟ್‌ಗೆ ಗ್ರೀಸ್ ಮೆತ್ತುತ್ತಾ ಬಂದೆ. ಸ್ಟ್ರೈನರ್ ಮುಚ್ಚಳದ ಸುತ್ತ ಮೆತ್ತಿದ ಕೂಡಲೇ ಗುಳ್ಳೆ ನಿಂತಿತು. ರಬ್ಬರ್ ರಿಂಗ್ ಒಣಗಿ ಚಪ್ಪಟೆಯಾಗಿತ್ತು. ಜೋರಾಗಿ ಓಡುವಾಗ ಪಂಪ್ ಆ ಗಾಳಿಯನ್ನೂ ಸೇರಿಸಿ ಸಾಕಷ್ಟು ನೀರು ಎಳೆಯುತ್ತಿತ್ತು. ನಿಧಾನವಾದಾಗ ಗಾಳಿಯೇ ಗೆಲ್ಲುತ್ತಿತ್ತು.

ರಿಂಗ್ ಬದಲಿಸಿದೆ, ಸುಮಾರು 10 ಡಿಗ್ರಿ ಇಳಿಯಿತು. ಇನ್ನೂ ಪೂರ್ತಿ ಸರಿಯಿಲ್ಲ. ಪಂಪ್ ಬಿಚ್ಚಿದರೆ ಮುಚ್ಚಳದ ಒಳಮೈಯಲ್ಲಿ ಉಂಗುರದ ಹಾಗೆ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು. ಅದರ ಮೇಲೆ ನಾನೇ ಕತ್ತರಿಸಿ ಹಾಕಿದ್ದ ದಪ್ಪ ಗ್ಯಾಸ್ಕೆಟ್. ಇಂಪೆಲ್ಲರ್ ಎಸಳಿನ ಪಕ್ಕದಲ್ಲಿ ಸಂದು ಬಿದ್ದು ನೀರು ಅಲ್ಲೇ ಸುತ್ತುತ್ತಿತ್ತು. ಮುಚ್ಚಳವನ್ನು ತಿರುಗಿಸಿ ಹಾಕಿದೆ. ಹೊರಮೈಯ ಅಕ್ಷರಗಳನ್ನು ಗಾಜಿನ ಮೇಲೆ ಎಮರಿ ಕಾಗದ ಹರಡಿ ಉಜ್ಜಿ ಮಟ್ಟ ಮಾಡಿದ್ದೆ. ತೆಳು ಕಾಗದದ ಗ್ಯಾಸ್ಕೆಟ್ ಹಾಕಿದೆ. ಎಷ್ಟು ತೆಳು, ಅದಕ್ಕೆ ಏನು ಸವರಿದೆ ಅನ್ನುವುದು ಹಲವು ಸಲ ಕೆಡಿಸಿ ಕಲಿತದ್ದು, ಅದು ನನ್ನ ಹತ್ತಿರವೇ ಇರಲಿ. ಈಗ ಅದೇ ಬಕೆಟ್ 70 ಸೆಕೆಂಡಿಗೆ ತುಂಬುತ್ತದೆ.

ನಡುವೆ ಎರಡು ಪ್ರಯೋಗ ಮಾಡಿದ್ದೆ. ಪಂಪ್ ಜೋರಾಗಿ ತಿರುಗಲಿ ಅಂತ ಚಿಕ್ಕ ಪುಲ್ಲಿ ಹಾಕಿದೆ, ಬೆಲ್ಟ್ ಜಾರಿ ಸುಟ್ಟ ವಾಸನೆ ಬಂತು. ಥರ್ಮೋಸ್ಟಾಟ್ ತೆಗೆದು ಓಡಿಸಿದೆ, ಎಂಜಿನ್ ಬಿಸಿಯೇ ಏರದೆ ಪ್ಲಗ್‌ಗಳು ಕಪ್ಪಾದವು. ಎರಡೂ ಬೇಡ.

ಕೊನೆಯ ನಾಲ್ಕೈದು ಡಿಗ್ರಿ ಬಿಸಿ ಟೈಮಿಂಗ್‌ನಲ್ಲಿತ್ತು, ಅಂದರೆ ಸ್ಪಾರ್ಕ್ ಬರುವ ಹೊತ್ತಿನಲ್ಲಿ. ಪಿಸ್ಟನ್ ತುತ್ತತುದಿ (ಟಿಡಿಸಿ) ಮುಟ್ಟುವ ಎಷ್ಟು ಮೊದಲು ಸ್ಪಾರ್ಕ್ ಬರುತ್ತದೆ ಅನ್ನುವುದನ್ನು ಎಂಜಿನ್ ತಿರುಗುವ ಕೋನದ ಡಿಗ್ರಿಯಲ್ಲಿ ಅಳೆಯುತ್ತಾರೆ. ಟೈಮಿಂಗ್ ಲೈಟ್ ಹಿಡಿದರೆ 8 ಡಿಗ್ರಿ ಸರಿಯಾಗೇ ಕಾಣುತ್ತಿತ್ತು. ಆದರೆ ಟೈಮಿಂಗ್ ಗುರುತಿರುವ ಮುಂದಿನ ಚಕ್ರ, ಅಂದರೆ ಹಳೇ ಬ್ಯಾಲೆನ್ಸರ್‌ನ ರಬ್ಬರ್ ಸಡಿಲವಾಗಿ ಹೊರ ರಿಂಗ್ ಜಾರಿದ್ದರೆ ಗುರುತೇ ಸುಳ್ಳು. ಪಿಸ್ಟನ್ ಸ್ಟಾಪ್ (ಪಿಸ್ಟನ್ನನ್ನು ಒಂದು ಮಟ್ಟದಲ್ಲಿ ತಡೆಯುವ ಸಾಧನ) ಹಾಕಿ ನಿಜವಾದ ಟಿಡಿಸಿ ಹುಡುಕಿದೆ. ಸ್ಪಾರ್ಕ್ ಬರುತ್ತಿದ್ದದ್ದು 2 ಡಿಗ್ರಿಗೆ. ತಡವಾಗಿ ಉರಿದದ್ದು ಎಕ್ಸಾಸ್ಟ್ ದಾರಿಯನ್ನೆಲ್ಲ ಕಾಯಿಸುತ್ತದೆ. ಹೊಸ ಗುರುತು ಕೊರೆದು 8ಕ್ಕೆ ಕೂರಿಸಿದೆ.

ಗ್ಯಾಸ್ಕೆಟ್ ಅಂತ ಹಟ ಹಿಡಿದಿದ್ದ ಗೆಳೆಯನನ್ನೇ ಕರೆದು ದಡದಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿ ಓಡಲು ಬಿಟ್ಟೆ. ನಲವತ್ತು ನಿಮಿಷ ಮುಳ್ಳು ನೋಡುತ್ತಾ ಕೂತ. ಆಮೇಲೆ ತನ್ನ ಬೋಟಿನ ಸ್ಟ್ರೈನರ್ ಮುಚ್ಚಳ ಬಿಚ್ಚಲು ಹೋದ.